ಹಲಗೆಯ ಬೆನ್ನು

ಸ್ಕ್ರೂ ಸಡಿಲವಿತ್ತೋ, ಇವಳ ಕೈಯೇ ಜೋರಾಗಿ ತಾಗಿತೋ, ಬಿಳಿ ಹಲಗೆ ಚೌಕಟ್ಟಿನೊಳಗೇ ಗಿರ್ರನೆ ತಿರುಗಿ ಕೊರೀನಾ ಬರಗಾನ್‌ಗೆ ತನ್ನ ಬೆನ್ನು ತೋರಿಸಿತು. ಬಾಗಿಲಿಗೆ ಅಡ್ಡವಾಗಿದೆಯಲ್ಲ, ಒಂದಿಷ್ಟು ಗೋಡೆಯ ಕಡೆ ಸರಿಸೋಣ ಎಂದಷ್ಟೇ ಅವಳು ಅದಕ್ಕೆ ಕೈ ಹಾಕಿದ್ದು. ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ಬರೆದ ರಾಕೆಟ್ಟಿನ ಚಿತ್ರವಿತ್ತು. ಅದರ ಪಕ್ಕದಿಂದ ಬಾಣದ ಗುರುತುಗಳು ಹೊರಟಿದ್ದವು. ಕೊನೆಯ ಬಾಣದ ತುದಿಯಲ್ಲಿ, ಸುತ್ತಲೂ ಎರಡು ಗೆರೆ ಎಳೆದು, ‘21 ದಿನ’ ಎಂದು ಬರೆದಿತ್ತು.

ಓದಬಾರದು ಎಂದು ಹೊಳೆಯುವಷ್ಟರಲ್ಲಿ ಓದಿ ಆಗಿತ್ತು. ಕಣ್ಣಿಗೆ ಬಿದ್ದದ್ದನ್ನು ವಾಪಸ್ ಕೊಡುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಹೇಳಲಿ.

ಹಿಂದಿನ ದಿನ ಇದೇ ಕೋಣೆಯಲ್ಲಿ ಸರ್ಕಾರದವರ ಮುಂದೆ ನಿಂತು ಮಾತಾಡಿದವರು ಎದುರಾಳಿ ಕಂಪನಿಯವರು. ಊರಲ್ಲಿ ಅವರನ್ನು ದೊಡ್ಡಮನೆ ಎಂದೇ ಕರೆಯುತ್ತಾರೆ. ಅಜ್ಜಂದಿರ ಕಾಲದಿಂದ ಸರ್ಕಾರದ ಉಪಗ್ರಹಗಳನ್ನು ಮೇಲಕ್ಕೆ ಹೊತ್ತು ಹಾಕಿದವರು ಅವರೇ. ಇವತ್ತಿನ ಸರದಿ ಕೊರೀನಾಳ ಪೆಲಿಕನ್ ಕಂಪನಿಯದು. ಸ್ಪರ್ಧೆಯ ಪ್ರಶ್ನೆ ಮಗುವಿಗೂ ಅರ್ಥವಾಗುವಂಥದ್ದು. ಮೇಲಿರುವ ಸರ್ಕಾರದ ಉಪಗ್ರಹವೊಂದು ಏಕಾಏಕಿ ಕೆಟ್ಟು ಕೂತರೆ, ಅದರ ಜಾಗಕ್ಕೆ ಇನ್ನೊಂದನ್ನು ನೀವು ಎಷ್ಟು ದಿನದಲ್ಲಿ ಕಳಿಸುತ್ತೀರಿ? ಮಿಕ್ಕದ್ದೆಲ್ಲ ಸರಿಸಮವಾಗಿದ್ದರೆ, ಬೇಗ ಕಳಿಸುವವರಿಗೆ ಐದು ವರ್ಷದ ಗುತ್ತಿಗೆ. ದೊಡ್ಡಮನೆ ಎಷ್ಟು ಎಂದಿದೆ ಎಂಬುದನ್ನು ಪೆಲಿಕನ್‌ನ ಯಾರೊಬ್ಬರೂ ತಿಳಿಯುವಂತಿರಲಿಲ್ಲ. ಈಗ ಒಬ್ಬಳು ತಿಳಿದುಕೊಂಡಿದ್ದಳು.

ಹೊರಗೆ ಹಜಾರದಲ್ಲಿ ಅವಳ ತಂಡದವರು ಫೋನು, ಗಡಿಯಾರಗಳನ್ನೆಲ್ಲ ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕುತ್ತಿದ್ದರು. ಈ ಕೋಣೆಯೊಳಗೆ ಬರುವವರು ಪೆನ್ನನ್ನೂ ಹೊರಗಿನಿಂದ ತರುವಂತಿಲ್ಲ. ಕಿಟಕಿಯಿಲ್ಲ, ಕಸದ ಬುಟ್ಟಿಯೂ ಇಲ್ಲ. ಪೆಲಿಕನ್‌ನ ಮಾಲೀಕ ಟೋಬಿ ಹ್ಯಾಲ್ವರ್ಸನ್ ಕಾವಲುಗಾರನ ಜೊತೆ ಏನೋ ತಮಾಷೆ ಮಾಡುತ್ತಿದ್ದದ್ದು ಅವಳಿಗೆ ಕೇಳಿಸುತ್ತಿತ್ತು. ಹೆಜ್ಜೆಗಳು ಹತ್ತಿರವಾದವು.

ಕೊರೀನಾ ಯೋಚಿಸಲಿಲ್ಲ. ಅಂಗಿಯ ತೋಳನ್ನು ಅಂಗೈವರೆಗೆ ಎಳೆದುಕೊಂಡು ಅಂಕಿ, ಬಾಣ, ಚಿತ್ರ ಎಲ್ಲವನ್ನೂ ಒರೆಸಿ ಹಾಕಿದಳು. ತಂಡದವರ ಕಣ್ಣಿಗೆ ಬೀಳಬಾರದು ಎಂಬುದು ಒಂದು. ಇನ್ನೊಂದು, ಗ್ಲೆನ್. ಹಲಗೆ ಒರೆಸುವುದು ಗ್ಲೆನ್‌ನ ಕೆಲಸವಾಗಿತ್ತು.

ಗ್ಲೆನ್ ಯೊಶಿನಾಗಾ ಈ ಸ್ಪರ್ಧೆಯನ್ನು ನಡೆಸುವ ಸರ್ಕಾರಿ ಅಧಿಕಾರಿ. ಗಾರ್ಡೀನಾ ಎಂಬ ಊರಿನಲ್ಲಿ ಕೊರೀನಾಳ ಪಕ್ಕದ ಮನೆಯವನು. ಅವಳ ಮಗಳಿಗೆ ಕಾರು ಕಲಿಸಿದವನು ಅವನೇ. ಇಬ್ಬರ ಕಚೇರಿಗಳೂ ಒಂದೇ ದಿಕ್ಕಿಗೆ ಇದ್ದುದರಿಂದ ವರ್ಷಗಟ್ಟಲೆ ಒಂದೇ ಕಾರಿನಲ್ಲಿ ಹೋಗಿಬರುತ್ತಿದ್ದರು. ನಮ್ಮ ಸೌತ್ ಬೇ ಸೀಮೆಯಲ್ಲಿ ರಾಕೆಟ್ ಕೊಳ್ಳುವವರು, ಮಾರುವವರು ಎಲ್ಲ ಒಂದೇ ಬೀದಿಯಲ್ಲಿರುತ್ತಾರೆ, ಒಂದೇ ಚರ್ಚಿನ ಬೆಂಚು ಸವೆಸುತ್ತಾರೆ. ಅದಕ್ಕೇ ಸ್ಪರ್ಧೆ ಶುರುವಾಯಿತೆಂದರೆ ಇಬ್ಬರ ನಡುವೆ ಮಾತು ಬಂದ್, ಗುತ್ತಿಗೆ ಯಾರಿಗೆಂದು ಘೋಷಣೆ ಆಗುವವರೆಗೆ. ಕೆಲವರು ಇದನ್ನು ಕಾಟಾಚಾರಕ್ಕೆ ಮಾಡುತ್ತಾರೆ. ಗ್ಲೆನ್ ಮಾತ್ರ ವ್ರತದಂತೆ ಮಾಡುತ್ತಿದ್ದ. ಇಬ್ಬರೂ ಒಂದೇ ಹೊತ್ತಿಗೆ ಕಸದ ಡಬ್ಬಿ ಹೊರಗಿಡಲು ಬಂದರೆ ಅವನು ಆಕಾಶ ನೋಡುತ್ತಿದ್ದ, ಕೊರೀನಾ ಡಬ್ಬಿಯೊಳಗೆ ನೋಡುತ್ತಿದ್ದಳು. ಆ ಚಳಿಗಾಲ ಗ್ಲೆನ್‌ನ ಹೆಂಡತಿ ಜೋಯ್ಸ್‌ಗೆ ಮಂಡಿಯ ಆಪರೇಷನ್ ಆದಾಗ ಕೊರೀನಾ ಒಂದು ಪಾತ್ರೆ ಪೊಸೋಲೆ ಸಾರು ಮಾಡಿ ಬೇಲಿಯ ಹತ್ತಿರ ತಂದಳು. ಗ್ಲೆನ್ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ತಲೆಯಾಡಿಸಿದ. ಒಳಗಿನಿಂದ ಜೋಯ್ಸ್ ಕೂಗಿದ್ದು ಇಡೀ ಬೀದಿಗೆ ಕೇಳಿಸಿತ್ತು: "ರಾಕೆಟ್ ನಿಮ್ದು, ಮಂಡಿ ನಂದು! ಸುಮ್ನೆ ಆ ಸಾರು ಇಸ್ಕೊಳ್ರೀ!" ಸಾರು ವಾಪಸ್ಸೇ ಹೋಯಿತು.

ಅಂಥವನು ಹಲಗೆಯ ಬೆನ್ನು ಒರೆಸಲು ಮರೆತದ್ದಾದರೂ ಹೇಗೆ? ಆ ಹಲಗೆಯೇ ಕೋಣೆಗೆ ಹೊಸದು. ತಿರುಗುವ ಹಲಗೆ ಬೇಕೆಂದು ಕೇಳಿದ್ದು ದೊಡ್ಡಮನೆಯವರು. ಗ್ಲೆನ್ ಉಗ್ರಾಣದಿಂದ ಹಳೆಯದೊಂದನ್ನು ಹುಡುಕಿ ತರಿಸಿದ್ದ. ಅವರ ಮಾತು ಮುಗಿದ ಮೇಲೆ ಅದನ್ನು ವಾಪಸ್ ಕಳಿಸಿಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೂ ಕೊಡಬೇಕಲ್ಲ. ಪೆಲಿಕನ್‌ನವರು ಕೇಳದಿದ್ದರೂ ಅವರಿಗೂ ಇರಲಿ ಎಂದು ಅಲ್ಲೇ ಉಳಿಸಿದ. ಅಷ್ಟು ವರ್ಷ ಗೋಡೆಗೆ ಹೊಡೆದ ಹಲಗೆಯನ್ನು ಒರೆಸಿ ಅಭ್ಯಾಸವಾದ ಕೈ, ಮುಂದಿನದನ್ನು ಫಳಫಳ ಅನ್ನಿಸಿ ನಿಂತುಬಿಟ್ಟಿತು.

ಕೊರೀನಾ ಹಲಗೆಯನ್ನು ಮೊದಲಿನಂತೆ ತಿರುಗಿಸಿ, ಸ್ಕ್ರೂ ಬಿಗಿ ಮಾಡಿ, ತೋಳನ್ನು ಮಡಚಿಕೊಂಡಳು. ಟೋಬಿ ಒಳಗೆ ಬಂದ. ಅವನ ಹಿಂದೆ ಮಿಕ್ಕವರು, ಅವರ ಹಿಂದೆ ಸರ್ಕಾರದ ಐದು ಜನ, ಕೊನೆಯಲ್ಲಿ ಗ್ಲೆನ್. "ಗುಡ್ ಮಾರ್ನಿಂಗ್, ಮಿಸೆಸ್ ಬರಗಾನ್" ಎಂದ ಗ್ಲೆನ್, ಹೊಸದಾಗಿ ಪರಿಚಯವಾದವನಂತೆ. ಅವಳೂ ಹಾಗೇ ಉತ್ತರ ಕೊಟ್ಟಳು.

ಆ ದಿನ ಅವಳು ಚೆನ್ನಾಗಿಯೇ ಮಾತಾಡಿದಳಂತೆ. ಏನು ಹೇಳಿದೆನೆಂದು ಅವಳಿಗೇ ನೆನಪಿರಲಿಲ್ಲ. ಕೊನೆಯಲ್ಲಿ ಸರ್ಕಾರದ ಕಡೆಯ ಹೆಂಗಸೊಬ್ಬಳು ಕೇಳಿದಳು: ನೀವು ಮೂವತ್ತು ದಿನ ಅಂದಿದ್ದೀರಿ, ಅದಕ್ಕಿಂತ ಬೇಗ ಆಗುತ್ತದೆಯೇ? ಇದೇ ಪ್ರಶ್ನೆಯನ್ನು ಅವರಿಗೂ ಕೇಳಿದ್ದೇವೆ, ಉತ್ತರವನ್ನು ಮುಂದಿನ ವಾರದ ಅಂತಿಮ ಪ್ರಸ್ತಾವದಲ್ಲಿ ಬರೆಯಿರಿ. ಟೋಬಿ ಕೊರೀನಾಳ ಕಡೆ ನೋಡಿದ. ಕೊರೀನಾ ಮೇಜು ನೋಡಿದಳು.

ಮಧ್ಯಾಹ್ನ ಟ್ಯಾಕೋ ಗಾಡಿಯ ಪಕ್ಕ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಇಬ್ಬರೇ ಕೂತರು. ಟೋಬಿಯ ಕಂಪನಿ ಒಂದು ಗ್ಯಾರೇಜಿನಷ್ಟೇ ಇದ್ದಾಗಿಂದ ಕೊರೀನಾ ಅವನ ಜೊತೆಗಿದ್ದಳು. ಅವಳು ಅವನಿಗಿಂತ ಹತ್ತು ವರ್ಷ ದೊಡ್ಡವಳು. ಸಂಬಳವಿಲ್ಲದ ತಿಂಗಳುಗಳಲ್ಲೂ ಬಿಟ್ಟು ಹೋಗದವಳು ಎಂಬ ಗೌರವ ಅವನಿಗಿತ್ತು.

"ನೀವು ಹೇಳಿದ್ದೇ ಸರಿ ಕಣ್ರೀ" ಎಂದ ಟೋಬಿ, ಬಾಯಲ್ಲಿ ತುತ್ತಿಟ್ಟುಕೊಂಡೇ. "ಡಿಸೆಂಬರ್ ಪೂರ್ತಿ ತಲೆ ತಿಂದ್ರಲ್ಲ, ಎರಡು ರಾಕೆಟ್‌ನ ಅರ್ಧ ಕಟ್ಟಿ ಶೆಡ್ಡಲ್ಲಿ ಇಟ್ಕೊಂಡಿರೋಣ, ಕರೆ ಬಂದಾಗ ಉಪಗ್ರಹ ಕೂರಿಸಿ ಹಾರಿಸಿದ್ರಾಯ್ತು, ಹದಿನೆಂಟು ದಿನ ಸಾಕು ಅಂತ. ನಾನೇ ಹೆದರಿದ್ದು. ಮಾತು ಕೊಟ್ಟು ತಪ್ಪಿದ್ರೆ ಇನ್ಯಾವತ್ತೂ ನಮ್ಮನ್ನ ಬಾಗಿಲೊಳಗೆ ಬಿಡಲ್ಲ ಅಂತ."

ಕೊರೀನಾ ಕೈಯಲ್ಲಿದ್ದ ಟ್ಯಾಕೋ ಕೆಳಗಿಟ್ಟಳು.

"ಇವತ್ತು ಆಯಮ್ಮ ಕೇಳಿದ್ದು ನೋಡಿದ್ರಾ? ಅವರಿಗೆ ಬೇಗ ಬೇಕು. ಹದಿನೆಂಟೇ ಹಾಕೋಣ. ನೀವು ಹೂಂ ಅನ್ನಿ, ಇವತ್ತೇ ಬರೆಸ್ತೀನಿ."

ಈ ಮಾತನ್ನು ಕೇಳಬೇಕೆಂದು ಅವಳು ಇಡೀ ಚಳಿಗಾಲ ಕಾದಿದ್ದಳು. ಹದಿನೆಂಟು ಅವಳದೇ ಲೆಕ್ಕ. ಶೆಡ್ಡಿನಲ್ಲಿ ಕ್ರೇನಿನ ಕೆಳಗೆ ನಿಂತು, ಬೋಲ್ಟು ಬಿಗಿಯುವವರ ಜೊತೆ ಕೂತು ಹಾಕಿದ್ದು. ಯಾರ ಮನೆಯಿಂದಲೂ ಕದ್ದು ತಂದದ್ದಲ್ಲ. ಹೂಂ ಎಂದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಗಿದ್ದೂ ನಾಲಿಗೆ ಏಳಲಿಲ್ಲ. ಹಲಗೆಯ ಮೇಲೆ ಇಪ್ಪತ್ತೊಂದರ ಬದಲು ಹದಿನೈದು ಇದ್ದಿದ್ದರೆ ಈಗ ಏನು ಹೇಳುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು. ಹದಿನಾಲ್ಕು ಮಾಡಬಹುದು ಟೋಬಿ, ರಾತ್ರಿ ಪಾಳಿ ಹಾಕೋಣ, ಎನ್ನುತ್ತಿದ್ದಳು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆವರೆಗೆ ಅವಳದಾಗಿದ್ದ ಅಂಕಿ ಈಗ ಅವಳದಾಗಿ ಉಳಿದಿರಲಿಲ್ಲ. ಅದಕ್ಕಾಗಿ ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

"ನನ್ನ ಕೇಳ್ಬೇಡ ಟೋಬಿ."

"ಅಯ್ಯೋ, ಇನ್ಯಾರನ್ನ ಕೇಳ್ಲಿ? ಟ್ಯಾಕೋ ಗಾಡಿಯವನನ್ನ?"

"ಇನ್ಮೇಲೆ ಈ ವಿಷಯದಲ್ಲಿ ನನ್ನ ಏನೂ ಕೇಳ್ಬೇಡ. ಹೌದು ಅನ್ನಲ್ಲ, ಅಲ್ಲ ಅನ್ನಲ್ಲ. ನನ್ನ ಮುಖಾನೂ ನೋಡ್ಬೇಡ."

ಟೋಬಿ ನಗುತ್ತಿದ್ದವನು ನಿಧಾನವಾಗಿ ನಗು ನಿಲ್ಲಿಸಿದ. ದಡ್ಡನಲ್ಲ ಅವನು. "ಏನೋ ನೋಡಿದ್ದೀರಿ" ಎಂದ.

"ಹೂಂ."

"ಒಳಗೆ ಬೇರೆ ಯಾರಿದ್ರು?"

"ಯಾರೂ ಇರ್ಲಿಲ್ಲ. ಒರೆಸಿಬಿಟ್ಟೆ. ಈಗ ಅಲ್ಲಿ ಏನೂ ಇಲ್ಲ."

ಟೋಬಿ ಗಾಡಿಯ ಕಡೆ, ರಸ್ತೆಯ ಕಡೆ ನೋಡಿದ. ದನಿ ತಗ್ಗಿಸಿದ. "ಏನೂ ಇಲ್ಲ ಅಂದ್ಮೇಲೆ... ಕೊರೀನಾ, ಹದಿನೆಂಟು ನೀವು ಡಿಸೆಂಬರಲ್ಲೇ ಹೇಳಿದ್ದು. ನಾನೇ ಸಾಕ್ಷಿ ಅಲ್ವಾ? ಮುನ್ನೂರು ಮನೆ ಒಲೆ ಇದ್ರಿಂದ ಉರೀಬೇಕು. ನಾವೇನು ಮೋಸ ಮಾಡ್ತಿದೀವಾ?"

"ಮಾಡ್ತಿಲ್ಲ. ಆದ್ರೆ ನನಗೆ ಅವರ ಎಲೆ ಗೊತ್ತು. ಅವರಿಗೆ ನಮ್ಮದು ಗೊತ್ತಿಲ್ಲ. ಹೀಗೆ ಇಸ್ಪೀಟ್ ಆಡಿದ್ರೆ ನಿಮ್ಮಪ್ಪ ಮೇಜೆತ್ತಿ ಎಸೀತಿದ್ರು, ನೀನೇ ಹೇಳ್ತಿರ್ತೀಯಲ್ಲ."

ಅವನು ಉಳಿದ ಟ್ಯಾಕೋವನ್ನು ಕಾಗದದಲ್ಲಿ ಸುತ್ತಿಟ್ಟ. ಆಮೇಲೆ ಫೋನು ತೆಗೆದ. "ನಿಮ್ಮಮ್ಮ ನಿಮ್ಮನ್ನ ಇಷ್ಟು ಚೆನ್ನಾಗಿ ಯಾಕ್ ಬೆಳೆಸಿದ್ರೋ ಮಾರಾಯ್ತಿ" ಎಂದು ಗೊಣಗಿ, ಕಂಪನಿಯ ವಕೀಲ ಹಿರಾಮ್ ಮೋಸ್‌ಗೆ ಕರೆ ಮಾಡಿದ. ಅವನು ಕರೆ ಮಾಡದೆಯೂ ಇರಬಹುದಿತ್ತು. ಇದನ್ನು ಮುಂದೆ ಅವನನ್ನು ಬೈದವರು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಎರಡು ದಿನದ ನಂತರ ಅದೇ ಕೋಣೆಯಲ್ಲಿ ಕೂತರು. ಒಂದು ಕಡೆ ಕೊರೀನಾ, ಮೋಸ್. ಎದುರಿಗೆ ಗ್ಲೆನ್, ಸರ್ಕಾರದ ವಕೀಲೆ. ಹಲಗೆಯನ್ನು ಮೂಲೆಯಲ್ಲಿ ನಿಲ್ಲಿಸಿದ್ದರು, ಬೆನ್ನು ಈ ಕಡೆ ಮಾಡಿ. ಗ್ಲೆನ್ ಸರಿಯಾಗಿ ನಿದ್ದೆ ಮಾಡಿದಂತೆ ಕಾಣಲಿಲ್ಲ. ವಸಂತ ಕಳೆದರೆ ಅವನ ನಿವೃತ್ತಿ. ಸರ್ಕಾರಕ್ಕೆ ಮೂವತ್ತಾರು ವರ್ಷ ದುಡಿದವನ ಮೇಲೆ ಈವರೆಗೆ ಒಂದೇ ಒಂದು ದೂರು ಬಂದಿರಲಿಲ್ಲ. ಸೋತ ಕಂಪನಿಯವರೂ ಹೋಗುವಾಗ ಅವನ ಕೈ ಕುಲುಕಿ ಹೋಗುತ್ತಿದ್ದರು. ಕೊರೀನಾ ಒಂದೊಂದೇ ಮಾತು ಹೇಳುತ್ತ ಹೋದಂತೆ ಅವಳಿಗೆ ತಾನು ಅವನ ಮನೆಯ ಸಾಮಾನನ್ನು ಬೀದಿಗೆ ತಂದಿಡುತ್ತಿದ್ದೇನೆ ಅನ್ನಿಸಿತು. ಒರೆಸಿದ್ದನ್ನೂ ಹೇಳಿದಳು; ಅಂಕಿಯನ್ನು ಮಾತ್ರ ಮೋಸ್ ಎದುರು ಬಾಯಿಬಿಡಲಿಲ್ಲ.

ಸರ್ಕಾರದ ವಕೀಲೆ ಕೆಟ್ಟವಳಲ್ಲ. ಗಂಟು ಬಿಚ್ಚುವುದು ಅವಳ ಕೆಲಸ. "ಮಿಸೆಸ್ ಬರಗಾನ್, ಈಗ ಹಲಗೆ ಮೇಲೆ ಏನೂ ಇಲ್ಲ. ನೋಡಿದವರು ನೀವೊಬ್ಬರೇ. ಇದು ಉಗ್ರಾಣದಲ್ಲಿ ಬಿದ್ದಿದ್ದ ಹಲಗೆ. ಅದರ ಬೆನ್ನ ಮೇಲಿದ್ದದ್ದು ಯಾವ ಕಾಲದ, ಯಾವ ಮೀಟಿಂಗಿನ ಬರಹಾನೋ ಯಾರಿಗೆ ಗೊತ್ತು? ಹಳೇದೇನನ್ನೋ ನೋಡಿ ನೀವು ಗಾಬರಿ ಆಗಿರಬಹುದಲ್ವಾ?"

ಅವಳು ತೆರೆದದ್ದು ಎಷ್ಟು ದೊಡ್ಡ ಬಾಗಿಲೆಂದು ಮೇಜಿನ ಸುತ್ತ ಕೂತಿದ್ದವರಿಗೆಲ್ಲ ಗೊತ್ತಿತ್ತು. ಇರಬಹುದು ಎಂದು ಕೊರೀನಾ ಒಂದು ಮಾತು ಹೇಳಿದರೆ, ಏನೂ ಆಗಲೇ ಇಲ್ಲ. ಅವಳು ತನ್ನ ತಂಡಕ್ಕೆ ವಾಪಸ್, ಹದಿನೆಂಟು ವಾಪಸ್, ಗ್ಲೆನ್ ಕೇಕ್ ಕತ್ತರಿಸಿಕೊಂಡು ಮನೆಗೆ. ಮೋಸ್ ಮೇಜಿನ ಕೆಳಗೆ ಅವಳ ಕಾಲನ್ನು ಮೆಲ್ಲನೆ ತುಳಿದ.

"ಶಾಯಿ ಹೊಸದಾಗಿತ್ತು" ಎಂದಳು ಕೊರೀನಾ. "ಹಳೇದಾಗಿದ್ರೆ ಬರೀ ಬಟ್ಟೇಲಿ ಅಷ್ಟು ಸುಲಭವಾಗಿ ಹೋಗ್ತಿರ್ಲಿಲ್ಲ."

"ಅದು ನಿಮ್ಮ ಊಹೆ. ಖಚಿತವಾಗಿ ಹೇಳೋಕಾಗಲ್ಲ, ಅಲ್ವಾ?"

ನಿಜ ಹೇಳಬೇಕೆಂದರೆ, ಆ ಕ್ಷಣದಲ್ಲಿ ಅವಳಿಗೂ ಆ ಬಾಗಿಲು ಚೆಂದ ಕಂಡಿತು. ಅಷ್ಟರಲ್ಲಿ ಗ್ಲೆನ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ಹಲಗೆ ತರಿಸಿದ ದಿನ ಎರಡೂ ಕಡೆ ನಾನೇ ತೊಳೆದಿದ್ದೆ" ಎಂದ. "ಬಕೆಟ್ಟಲ್ಲಿ ನೀರು, ಸೋಪು ಹಾಕ್ಕೊಂಡು. ಧೂಳು ಹಿಡಿದಿತ್ತು. ಹಳೇ ಬರಹ ಇರೋಕೆ ಸಾಧ್ಯ ಇಲ್ಲ. ಅವರು ಹೋದ್ಮೇಲೆ ನಾನು ಮುಂದಿನ ಕಡೆ ಮಾತ್ರ ಒರೆಸ್ದೆ. ಬೆನ್ನಿನ ಕಡೆ ನೋಡ್ಲೇ ಇಲ್ಲ. ಅವರು ನೋಡಿದ್ದು ನಿಜ. ತಪ್ಪು ನನ್ನದು. ಹಾಗೇ ಬರ್ಕೊಳ್ಳಿ."

"ಗ್ಲೆನ್, ಸ್ವಲ್ಪ ಯೋಚನೆ ಮಾಡಿ—"

"ಮೂವತ್ತಾರು ವರ್ಷದಿಂದ ಯೋಚನೆ ಮಾಡ್ತಾನೇ ಇದೀನಮ್ಮ. ಬರ್ಕೊಳ್ಳಿ."

ಅವನು ಕೊರೀನಾಳ ಕಡೆ ನೋಡಲಿಲ್ಲ. ನೋಡುವಂತಿರಲಿಲ್ಲವಲ್ಲ. ಅವಳಿಗೆ ಎದ್ದು ಹೋಗಿ ಅವನ ಭುಜ ಹಿಡಿದುಕೊಳ್ಳಬೇಕೆನ್ನಿಸಿತು. ಕುರ್ಚಿಯ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಆ ವಾರದ ಕೊನೆಗೆ ತೀರ್ಮಾನ ಬಂತು. ಕೊರೀನಾ ಸ್ಪರ್ಧೆ ಮುಗಿಯುವವರೆಗೆ ತಂಡದವರ ಜೊತೆ ಸೇರುವಂತಿಲ್ಲ. ಗ್ಲೆನ್‌ನ ಜಾಗಕ್ಕೆ ಬೇರೆಯವರು. ನಡೆದದ್ದನ್ನು ದೊಡ್ಡಮನೆಗೂ ತಿಳಿಸಲಾಗುತ್ತದೆ. ಕೊನೆಯದಾಗಿ, ಯಾರಿಗೂ ಅನ್ಯಾಯವಾಗಬಾರದೆಂದು, ಎರಡೂ ಕಂಪನಿಯವರು ದಿನಗಳ ಆ ಒಂದು ಅಂಕಿಯನ್ನು ಇನ್ನು ಮುಟ್ಟುವಂತಿಲ್ಲ. ಮೊದಲು ಹೇಳಿದ್ದೇ ಕೊನೆ. ಟೋಬಿ ಇದನ್ನು ಅವಳಿಗೆ ಬಾಗಿಲಲ್ಲೇ ನಿಂತು ಹೇಳಿದ. ಪೆಲಿಕನ್‌ನ ಮೂವತ್ತು ಮೂವತ್ತಾಗಿಯೇ ಉಳಿಯಿತು ಎಂದ. ಅವಳಿಗೆ ಆಗಲೇ ಫಲಿತಾಂಶ ಗೊತ್ತಾಯಿತು. ಇಡೀ ಕಂಪನಿಯಲ್ಲಿ ಅದು ಗೊತ್ತಾದವಳು ಅವಳೊಬ್ಬಳೇ. ಅದನ್ನು ಹೇಳುವಂತೆಯೂ ಇರಲಿಲ್ಲ. "ಹಾಗಾದ್ರೆ ಮೂವತ್ತರಲ್ಲೇ ಗೆಲ್ಲೋಣ ಬಿಡಿ" ಎಂದು ಟೋಬಿ ನಕ್ಕಾಗ ಅವಳು ನೆಲ ನೋಡಿದಳು.

ಅವಳನ್ನು ರಸ್ತೆಯಾಚೆಯ ಹಳೆಯ ಗೋದಾಮಿಗೆ ಹಾಕಿದರು. ಹಾರಿ ಬಂದ ರಾಕೆಟ್‌ಗಳ ಸುಟ್ಟ ತುಂಡುಗಳನ್ನು ಬೇರೆ ಮಾಡಿಡುವ ಕೆಲಸ. ಊಟದ ಹೊತ್ತಿಗೆ ಅವಳು ಬಂದರೆ ಮೇಜಿನಲ್ಲಿ ಮಾತು ನಿಲ್ಲುತ್ತಿತ್ತು. ಪ್ರೀತಿಯಿಂದಲೇ ನಿಲ್ಲುತ್ತಿತ್ತು, ನಿಯಮ ಮುರಿಯಬಾರದಲ್ಲ ಎಂದು. ಆದರೂ ನಿಲ್ಲುತ್ತಿತ್ತು. ಮನೆಯಲ್ಲಿ ಬೇಲಿಯಾಚೆ ಗ್ಲೆನ್ ಈಗ ದಿನವಿಡೀ ಇರುತ್ತಿದ್ದ. ರಜೆ ಉಳಿದಿದೆ, ಮನೆಯಲ್ಲಿರಿ ಎಂದು ಕಚೇರಿಯವರು ಮರ್ಯಾದೆಯಿಂದ ಹೇಳಿದ್ದರು. ಸ್ಪರ್ಧೆ ಮುಗಿದಿರಲಿಲ್ಲವಾದ್ದರಿಂದ ಅವನ ವ್ರತವೂ ಮುಗಿದಿರಲಿಲ್ಲ. ಅವನು ಆಕಾಶ ನೋಡಿದ, ಅವಳು ಡಬ್ಬಿಯೊಳಗೆ ನೋಡಿದಳು.

ಜೂನ್‌ನಲ್ಲಿ ಘೋಷಣೆಯಾಯಿತು. ದೊಡ್ಡಮನೆ ಗೆದ್ದಿತು. ಪೆಲಿಕನ್‌ನಲ್ಲಿ ಟೋಬಿ ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿ ತಾನೇ ಓದಿ ಹೇಳಿದ. ಯಂತ್ರ ಚೆನ್ನಾಗಿದೆ, ಹಿಂದಿನ ಹಾರಾಟಗಳು ಚೆನ್ನಾಗಿವೆ, ದಿನಗಳಲ್ಲಿ ಸೋತಿದ್ದೀರಿ ಎಂದು ಸರ್ಕಾರದವರು ಕಾರಣ ಕೊಟ್ಟಿದ್ದರು. ತಕರಾರು ಹಾಕೋಣವೇ ಎಂದು ಯಾರೋ ಕೇಳಿದರು. "ಯಾರ ಮೇಲೆ?" ಎಂದ ಟೋಬಿ. "ನಾವೇ ಕೊಟ್ಟ ಅಂಕಿ." ತಿಂಗಳು ಕಳೆಯುವುದರೊಳಗೆ ಎಪ್ಪತ್ತು ಜನರನ್ನು ಮನೆಗೆ ಕಳಿಸಬೇಕಾಯಿತು. ಆ ಪಟ್ಟಿಯಲ್ಲಿ ಕೊರೀನಾಳ ಹೆಸರಿರಲಿಲ್ಲ. ಇದ್ದಿದ್ದರೇ ವಾಸಿ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು.

ಡಿಸೆಂಬರಿನಲ್ಲಿ ಅವಳ ಜೊತೆ ಕ್ರೇನಿನ ಕೆಳಗೆ ಕೂತು ಹದಿನೆಂಟರ ಲೆಕ್ಕ ಹಾಕಿದ್ದ ಬೆಸುಗೆಯ ಡುವೇನ್ ಹೋಗುವ ದಿನ ತನ್ನ ಸಾಮಾನಿನ ಪೆಟ್ಟಿಗೆ ಹಿಡಿದು ಗೋದಾಮಿನ ಬಾಗಿಲಿಗೆ ಬಂದ.

"ಒಂದೇ ಒಂದು ಕೇಳ್ತೀನಿ, ಕೊರೀನಾ. ಅವತ್ತು ಕಣ್ಣು ಮುಚ್ಕೊಂಡಿದ್ದೆ ಅಂದ್ಕೊಳ್ಳೋಕೆ ಆಗ್ತಿರ್ಲಿಲ್ವಾ?"

"ಆಗ್ಲಿಲ್ಲ, ಡುವೇನ್."

"ದೊಡ್ಮನೆಯೋರು ನಮ್ಮದು ನೋಡಿದ್ರೆ ಬಂದು ಹೇಳ್ತಿದ್ರಾ?"

"ಗೊತ್ತಿಲ್ಲ."

"ನನಗೆ ಗೊತ್ತು" ಎಂದ ಡುವೇನ್. ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಇನ್ನೂ ಏನೋ ಖಾರವಾಗಿ ಅನ್ನಲು ಬಂದವನು, ಅವಳ ಮುಖ ನೋಡಿ ಬಿಟ್ಟ. "ಲಾಲೋಗೆ ಹೇಳು, ಬೋಟಿಗೆ ಬೆಸುಗೆ ಬೇಕಾದ್ರೆ ಕರೀಲಿ. ಈಗ ಪುರಸೊತ್ತಾಗಿದೀನಿ." ಲಾಲೋ ಅವಳ ಗಂಡ. ಬೋಟು ಎಂದೋ ಮಾರಿದ್ದಾಗಿತ್ತು. ಅದನ್ನು ಹೇಳದೆ ಅವಳು ಆಗಲಿ ಎಂದಳು.

ತಕರಾರಿನ ಗಡುವೂ ಮುಗಿದ ಮೇಲಿನ ಶನಿವಾರ ಬೆಳಿಗ್ಗೆ ಕೊರೀನಾ ಹೊರಗೆ ಬಂದಾಗ, ಎರಡು ಮನೆಗಳ ನಡುವೆ ಕಾರು ನಿಲ್ಲಿಸುವ ಜಾಗದಲ್ಲಿ ಗ್ಲೆನ್ ಗುಡಿಸುತ್ತಿದ್ದ. ಅವಳನ್ನು ನೋಡಿದ. ಆಕಾಶ ನೋಡಲಿಲ್ಲ.

"ಮುಗೀತು" ಎಂದ.

"ಮುಗೀತು. ಜೋಯ್ಸ್ ಮಂಡಿ ಹೇಗಿದೆ?"

"ಮಂಡಿ ಚೆನ್ನಾಗಿದೆ. ಬಾಯಿ ಅದಕ್ಕಿಂತ ಚೆನ್ನಾಗಿದೆ. ಹೋದ ತಿಂಗಳು ಪೂರ್ತಿ ಬೈದ್ಲು, ಮನೇಲೇ ಇರ್ತೀನಲ್ಲ."

ಇಬ್ಬರೂ ನಕ್ಕರು. ಕೊರೀನಾ ಬೇಲಿಯ ಹಲಗೆಗೆ ಒರಗಿದಳು. ಇಷ್ಟು ತಿಂಗಳು ಮನಸ್ಸಿನಲ್ಲೇ ಅವನ ಜೊತೆ ಎಷ್ಟೆಲ್ಲ ಮಾತಾಡಿದ್ದಳು. ಕ್ಷಮಿಸಿ ಎನ್ನುವುದು ಅದರಲ್ಲಿ ಮೊದಲನೆಯದು. ಈಗ ಅದು ಸಣ್ಣ ಮಾತು ಅನ್ನಿಸಿತು.

"ನಿಮ್ಮ ಕಚೇರಿಯವರು ಏನಾದ್ರೂ ಮಾಡಿದ್ರಾ? ಕೊನೇ ದಿನ?"

"ಕೇಕ್ ತಂದಿದ್ರು" ಎಂದ ಗ್ಲೆನ್. "ಯಾರೂ ಕತ್ತರಿಸ್ಲಿಲ್ಲ. ನಾನೇ ಡಬ್ಬಿ ಸಮೇತ ಮನೆಗೆ ತಂದೆ." ಪೊರಕೆಯನ್ನು ಗೋಡೆಗೆ ಒರಗಿಸಿದ. "ಒಂದು ಕೇಳ್ಲಾ? ಮೊದ್ಲು ಯಾಕ್ ಒರೆಸ್ದೆ?"

"ನಿಮಗೋಸ್ಕರ."

"ಆಮೇಲೆ ಹೇಳಿದ್ದು?"

"ಅದು ನನಗೋಸ್ಕರ. ಹೇಳ್ದೇ ಇದ್ದಿದ್ರೆ ಇವತ್ತು ನಿಮ್ಮ ಮುಂದೆ ಹೀಗೆ ನಿಲ್ಲೋಕೆ ಆಗ್ತಿರ್ಲಿಲ್ಲ."

ಗ್ಲೆನ್ ತಲೆಯಾಡಿಸಿದ. ತಾನು ಆ ಹಲಗೆಯನ್ನು ಬಕೆಟ್ಟು ನೀರಲ್ಲಿ ತೊಳೆದ ಮಾತನ್ನು ಅವನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಬೀದಿಯ ತುದಿಯಲ್ಲಿ 405 ಹೆದ್ದಾರಿಯ ಕಡೆಗೆ ಹೋಗುವ ಕಾರುಗಳ ಸದ್ದು ಒಂದೇ ಸಮ ಕೇಳುತ್ತಿತ್ತು.

"ಗ್ಲೆನ್, ನಾನೊಂದು ಅಂಕಿ ಹೇಳ್ತೀನಿ. ನೀವು ಏನೂ ಹೇಳ್ಬೇಡಿ."

"ನಾನು ಸಾಯೋವರೆಗೂ ಏನೂ ಹೇಳೋ ಹಾಗಿಲ್ಲ. ನಿಂಗೊತ್ತು."

"ಗೊತ್ತು. ಉತ್ತರ ಬೇಡ. ಸುಮ್ನೆ ಯಾರ ಹತ್ರಾನಾದ್ರೂ ಹೇಳ್ಬೇಕು. ಎದೇಲಿಟ್ಕೊಂಡು ಸಾಕಾಗಿದೆ."

"ಹೇಳು."

"ಹದಿನೆಂಟು."

ಗ್ಲೆನ್‌ಗೆ ಎರಡೂ ಕಂಪನಿಗಳ ಅಂಕಿ ಗೊತ್ತಿತ್ತು. ಮೂವತ್ತರ ಹಿಂದೆ ಒಂದು ಹದಿನೆಂಟು ಇತ್ತೆಂಬುದು ಮಾತ್ರ ಗೊತ್ತಿರಲಿಲ್ಲ. ಅವಳು ಅವನ ಮುಖ ನೋಡಬಾರದೆಂದು ಬೇಲಿಯ ಮೊಳೆ ನೋಡಿದಳು.

"ಹದಿನೆಂಟು" ಎಂದಳು ಇನ್ನೊಮ್ಮೆ, ಈ ಸಲ ಸ್ವಲ್ಪ ಜೋರಾಗಿ. "ನನ್ನದೇ ಲೆಕ್ಕ. ಡಿಸೆಂಬರ್‌ದು. ಆಗ್ತಿತ್ತು, ಗ್ಲೆನ್. ಖಂಡಿತ ಆಗ್ತಿತ್ತು."

ಅಡಿಗೆಮನೆಯ ಕಿಟಕಿಯಿಂದ ಜೋಯ್ಸ್‌ಳ ತಲೆ ಕಾಣಿಸಿತು. "ಏನೇ ಕೊರೀನಾ ಅದು ಹದಿನೆಂಟು? ಬಾರೇ ಒಳಗೆ, ಕಾಫಿ ಇದೆ!"

"ಏನಿಲ್ಲ ಬಿಡು ಜೋಯ್ಸ್" ಎಂದ ಗ್ಲೆನ್. ಪೊರಕೆ ಪಕ್ಕದಲ್ಲೇ ಇದ್ದರೂ ಅವನು ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಎಲೆಗಳನ್ನು ಒಂದೊಂದಾಗಿ ಕೈಯಿಂದ ಆಯತೊಡಗಿದ. ಕೊರೀನಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳೂ ಕೂತು, ತನ್ನ ಬದಿಯಲ್ಲಿ ಬಿದ್ದಿದ್ದನ್ನು ಆಯ್ದಳು.